ಬಾತ್‌ಟಬ್ ಇರುವ ಕ್ಯಾಂಪು

ಬಾತ್‌ಟಬ್ ಇಲ್ಲವೆಂಬ ಒಂದೇ ಕಾರಣಕ್ಕೆ ಲತೀಶ್ ಆಫ್ರಿಕಾದ ಅರ್ಧ ಕಾಡನ್ನು ತಳ್ಳಿಹಾಕಿದ.

ಹೊರಗೆ ಹಾಡಹಗಲೇ ಕತ್ತಲು. ಯುದ್ಧ ಮುಗಿದು ತಿಂಗಳುಗಳಾದರೂ ಎಣ್ಣೆಬಾವಿಗಳು ಉರಿಯುತ್ತಲೇ ಇದ್ದವು. ಕುವೈತ್ ಸಿಟಿಯ ಆಫೀಸಿನಲ್ಲಿ ದೀಪ ಹಾಕಿಕೊಂಡು, ಮ್ಯಾನೇಜರ್ ಲತೀಶ್ ಬಣ್ಣದ ಪುಸ್ತಿಕೆಗಳಲ್ಲಿ ಸಿಂಹಗಳನ್ನು ಆರಿಸುತ್ತಿದ್ದ.

ಬೆಳಿಗ್ಗೆ ಕಂಪನಿಯ ಧಣಿ, ಕಫೀಲ್ ಅಬು ನಾಸರ್ ಆ ಪುಸ್ತಿಕೆಗಳನ್ನು ಮೇಜಿನ ಮೇಲೆ ಹಾಕಿ ಹೇಳಿದ್ದು ಇಷ್ಟೇ: "ಖಾಸಗಿ ಕಾಡು. ಇಬ್ಬರಿಗೆ. ನಿನಗೇ ಎಂಬಂತೆ ಒಂದು ಕ್ಯಾಂಪ್ ಆರಿಸು. ನನಗೊಂದು ಋಣ ತೀರಿಸಲಿಕ್ಕಿದೆ."

ಋಣ! ಅದು ತನ್ನದೇ ಎಂದು ಲತೀಶನಿಗೆ ಖಾತ್ರಿಯಾಯಿತು. ಇರಾಕಿನ ಸೈನ್ಯ ನುಗ್ಗಿದ ವಾರವೇ ಅವನು ಹೆಂಡತಿ ಮೋಹಿನಿಯೊಂದಿಗೆ ಜೋರ್ಡಾನಿಗೆ ಪಾರಾಗಿದ್ದ, ಕಂಪನಿಯಲ್ಲಿ ಉಳಿದಿದ್ದ ಒಂದೇ ಕಾರಿನಲ್ಲಿ. ಮರಳಿ ಬಂದ ಮೇಲೆ, "ದೇಹ ಮಾತ್ರ ಹೋಗಿತ್ತು ಬಾಬಾ, ಜೀವ ಇಲ್ಲೇ ಗೋಡೌನಿನಲ್ಲಿತ್ತು" ಎಂದಿದ್ದ. ಅಬು ನಾಸರ್ ಮಾತಾಡಲಿಲ್ಲ. ಆ ಮೌನಕ್ಕೆ ಲತೀಶ್ ಕ್ಷಮೆಯೆಂದು ಅರ್ಥ ಮಾಡಿಕೊಂಡ.

ಮೈದಾನ್ ಹವಲ್ಲಿಯಲ್ಲಿ ಅವನದೇ ಕಟ್ಟಡದಲ್ಲಿದ್ದ ಊರಿನವರು ಮೌನವಾಗಿರಲಿಲ್ಲ. ಬೆನ್ನ ಹಿಂದೆ ಅವನಿಗೆ 'ಕಾರು ಲತೀಶ' ಎಂದು ಹೆಸರಿಟ್ಟಿದ್ದರು. ಈ ಪ್ರವಾಸವೊಂದು ನಡೆದರೆ ಅಷ್ಟೂ ಬಾಯಿಗಳಿಗೆ ಬೀಗ. ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಸುದ್ದಿ ಮುಟ್ಟಿಸಿದ. ಒಂದು ಹ್ಯಾಟನ್ನೂ ಸಂಪಾದಿಸಿದ.

ಮರುದಿನ ಜನರೇಟರಿನ ಡೀಸೆಲ್ ಚೀಟಿಗೆ ಕ್ಲೆಮೆಂಟ್ ಬಂದ. ಸುಲೈಬಿಯಾದಲ್ಲಿ ಕಂಪನಿಯ ಕೂಲಿಗಳ ಕ್ಯಾಂಪ್ ನೋಡಿಕೊಳ್ಳುವವನು. ಸೊಂಟ ಹಿಡಿದುಕೊಂಡೇ ನಿಂತ.

"ಏನು ಪೊರ್ಬುಗಳೇ, ನಿಮ್ಮ ಕ್ಯಾಂಪಲ್ಲೂ ಬಾತ್‌ಟಬ್ ಉಂಟಾ?" ಊರಿನಲ್ಲಿ ಕ್ರಿಸ್ತರನ್ನು ಕರೆಯುವ ಧಾಟಿಯಲ್ಲೇ ಲತೀಶ್ ಕೇಳಿದ.

"ಉಂಟು ಮಾರಾಯ್ರೆ. ಡ್ರಮ್ಮು. ನೀರು ಬಂದ ದಿವಸ ಮಾತ್ರ."

"ನೋಡಿ, ಇದಕ್ಕೆ ಹೇಳುವುದು ಕ್ಯಾಂಪು." ಲತೀಶ್ ಪುಸ್ತಿಕೆ ತೋರಿಸಿದ. "ಟೆಂಟೊಳಗೆ ಮಂಚ. ಟಬ್ಬಲ್ಲಿ ಮಲಗಿಯೇ ಆನೆ ನೋಡಬಹುದು."

"ಆನೆಗೂ ನಾವು ಕಾಣ್ತೇವಲ್ಲ, ಪಾಪ" ಎಂದ ಕ್ಲೆಮೆಂಟ್.

'ನಾವು' ಅಂತೆ! ಲತೀಶನಿಗೆ ನಗು ಬಂತು. ಇರಾಕಿನವರಿದ್ದ ಏಳು ತಿಂಗಳೂ ಓಡಲು ಬುದ್ಧಿ ಬಾರದೆ ಇಲ್ಲೇ ಉಳಿದವನ ಆಸೆಯಾದರೂ ಎಂಥದು.

ಆರಿಸಿದ ಕ್ಯಾಂಪನ್ನು ತೋರಿಸಿದಾಗ ಅಬು ನಾಸರ್ ಕೇಳಿದ್ದು ಎರಡೇ ಪ್ರಶ್ನೆ.

"ಹಾಸಿಗೆ ಹೇಗೆ? ಸೊಂಟಕ್ಕೆ ನೋವಾಗಬಾರದು."

ಕುರ್ಚಿಯಲ್ಲಿ ಕೂತು ಕೂತು ತನಗೆ ಬಂದ ನೋವು ಸಾಹೇಬರ ಕಣ್ಣಿಗೂ ಬಿದ್ದಿದೆ! "ಹತ್ತಿಯಂಥ ಹಾಸಿಗೆ, ಬಾಬಾ."

"ಜನರೇಟರ್ ಸದ್ದು?"

"ಸಿಂಹದ ಸದ್ದು ಮಾತ್ರ."

"ಖಲಾಸ್. ಶುಕ್ರವಾರ ಬಟ್ಟೆಬರೆ ಕಟ್ಟಿಕೊಂಡು ಬಾ. ಕ್ಯಾಂಪಿಗೆ ಹೊರಡಬೇಕು."

"ಮೋಹಿನಿಯೂ ಬರಲಿಕ್ಕೆ ಕುಣಿಯುತ್ತಿದ್ದಾಳೆ, ಬಾಬಾ."

ಅಬು ನಾಸರ್ ಪುಸ್ತಿಕೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಬರಲಿ. ಅಲ್ಲಿ ಅಡುಗೆಗೂ ಜನ ಬೇಕು."

ಸಾಹೇಬರು ತಮಾಷೆ ಮಾಡುವುದು ಅಪರೂಪ. ಲತೀಶ್ ಮನಸಾರೆ ನಕ್ಕ.

ಶುಕ್ರವಾರ ಬೆಳಿಗ್ಗೆ ಹ್ಯಾಟು ಹಾಕಿಕೊಂಡು ಮೋಹಿನಿಯೊಂದಿಗೆ ಆಫೀಸಿನ ಮುಂದೆ ಇಳಿದ. ಅಬು ನಾಸರರ ದೊಡ್ಡ ಕಾರು ಸಿದ್ಧವಾಗಿ ನಿಂತಿತ್ತು. ಹಿಂದೆ ಡೀಸೆಲ್ ವಾಸನೆಯ ಪಿಕಪ್. ಪಕ್ಕದಲ್ಲಿ ಕ್ಲೆಮೆಂಟ್ ಮತ್ತು ಅವನ ಹೆಂಡತಿ ಕಾರ್ಮೆಲ್, ಹೊಸ ಬಟ್ಟೆಯಲ್ಲಿ. ಕಳುಹಿಸಿಕೊಡಲಿಕ್ಕೂ ಸಿಂಗಾರ! ಲತೀಶ್ ದೊಡ್ಡ ಮನಸ್ಸಿನಿಂದ ತನ್ನ ಪೆಟ್ಟಿಗೆಯನ್ನು ಕ್ಲೆಮೆಂಟನ ಕೈಗೆ ಕೊಟ್ಟ.

ಕ್ಲೆಮೆಂಟ್ ಸೊಂಟ ಹಿಡಿದು ಅದನ್ನು ಎತ್ತಿ, ಜೋಪಾನವಾಗಿ ಪಿಕಪ್ಪಿನೊಳಗೆ ಇಟ್ಟ. ಆಮೇಲೆ ಎಣ್ಣೆ ಹಿಡಿದ ಬೀಗದ ಕೈಯೊಂದನ್ನು ಲತೀಶನ ಅಂಗೈಯಲ್ಲಿಟ್ಟು ಸಂಕೋಚದಿಂದ ಹೇಳಿದ:

"ಸುಲೈಬಿಯಾದ ಜನರೇಟರಿನದ್ದು, ಲತೀಶಣ್ಣ. ಯುದ್ಧದ ಹೊತ್ತಿಗೆ ಸಾಹೇಬರ ತಾಯಿಗೆ ನಾಲ್ಕು ಕೊಡ ನೀರು ಹೊತ್ತದ್ದಕ್ಕೆ ಆಫ್ರಿಕಾ ಎಲ್ಲ ಬೇಡ ಅಂದೆ, ಅವರು ಕೇಳಲಿಲ್ಲ. ನಾವು ಬರುವವರೆಗೆ ಕ್ಯಾಂಪು ನಿಮ್ಮದೇ."