ಕಂದಕಕ್ಕೆ ಅಡ್ಡ ಬಂದ ಮರ

ತೋಪು ಅಗೆದು ಹಾಳುಮಾಡುತ್ತಿದ್ದಾರೆಂದು ಬೈಯಲು ಬಂದ ಬಸಿಲಿಸಾ ಅಜ್ಜಿ ಕಂದಕದ ಅಂಚಿನಲ್ಲೇ ನಿಂತುಬಿಟ್ಟಳು. ಸ್ಪೇನಿನ ಗಣರಾಜ್ಯದ ಪರ ಕಾದಾಡಲು ವೇಲ್ಸ್‌ನಿಂದ ತಾನಾಗಿ ಬಂದಿದ್ದ ಗಣಿ ಕೆಲಸಗಾರ ಎಮ್ರಿಸ್, ಅವಳ ಆಲಿವ್ ಮರ ಎದುರಾದಲ್ಲಿ ಮಾತ್ರ ಬೇರಿಗೆ ಪೆಟ್ಟಾಗದಂತೆ ಬಳಸಿ ಅಗೆಯುತ್ತಿದ್ದ. ಹಾಗೆ ಬಳಸಲು ಬಯಲಿಗೆ ಬಂದಿದ್ದರಿಂದ ಎದುರುಗುಡ್ಡದ ಶತ್ರುಗಳ ಬಂದೂಕಿಗೆ ಅವನ ಬೆನ್ನು ನೇರ ಕಾಣುತ್ತಿತ್ತು.

“ನಿಂಗೇನು ತಲೆ ಕೆಟ್ಟಿದೆಯಾ? ಗುಂಡಿಗೆ ಬೆನ್ನು ಕೊಟ್ಕೊಂಡು ಅಗೀತಿದ್ದೀಯಲ್ಲ.”

“ನಮ್ಮೂರಲ್ಲಿ ಕಲ್ಲಿದ್ದಲು ಬಿಟ್ರೆ ಬೇರೇನೂ ಇಲ್ಲ ಅಜ್ಜಿ,” ಎಂದ ಅವನು, ತನ್ನ ಹರಕುಮುರುಕು ಸ್ಪ್ಯಾನಿಷ್‌ನಲ್ಲಿ. “ಕಾಯಿ ಬಿಟ್ಟ ಮರ ಕಡಿಯೋಕೆ ಕೈ ಬರ್ಲಿಲ್ಲ.”

ಮುತ್ತಜ್ಜ ನೆಟ್ಟ ಮರ. ಅಜ್ಜಿ ಅದರ ಕಾಂಡವನ್ನೊಮ್ಮೆ ಸವರಿದಳು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಕೊಡಲಿಯನ್ನೆತ್ತಿ ಅವನ ಕೈಗಿಟ್ಟಳು.

“ಕಡಿ ಮಗಾ. ಆಲಿವ್ ಬುಡದಿಂದ ಮತ್ತೆ ಚಿಗುರುತ್ತೆ. ನೀನು ಚಿಗುರಲ್ಲ.”