ಪರದೆ ಹಾಕಿದ ವ್ಯಾನು

ಹಾಡು ಮುಗಿಯಿತೆಂದು ರಫೀಕ್ ಸ್ಯಾಕ್ಸೋಫೋನನ್ನು ಬಾಯಿಂದ ತೆಗೆದು ನೀರಿನ ಬಾಟಲಿ ಎತ್ತಿದ. ಹಾಡು ಮುಗಿದಿರಲಿಲ್ಲ. ಅವನು ಗುಟುಕು ನುಂಗುತ್ತಿದ್ದಂತೆಯೇ ಹಿಂದಿನ ವ್ಯಾನಿನ ಸ್ಪೀಕರಿನಲ್ಲಿ ಸ್ಯಾಕ್ಸೋಫೋನು ಇನ್ನೊಂದು ಸುತ್ತು ಮೇಲಕ್ಕೆ ಹತ್ತಿ, ಬಳುಕಿ, ಇಳಿಯತೊಡಗಿತು. ತೆಲಿಗಿ ಊರಿನ ಮದುವೆ ಮೆರವಣಿಗೆ ಮೊದಲು ನಿಂತಿತು, ಆಮೇಲೆ ನಕ್ಕಿತು.

ನಗದೆ ಇದ್ದವನು ಮದುಮಗನ ಅಜ್ಜ ಕರಿಸಿದ್ದಪ್ಪ ಒಬ್ಬನೇ. “ನೀರು ಕುಡಕೋಂತ ಊದತೀಯಲ್ಲಲೇ! ಭಾರಿ ವಿದ್ಯೆ ಕಲ್ತಿ. ರೆಕಾರ್ಡ್ ಹಚ್ಚಿ ನಮ್ಮ ಕಿವಿಗೆ ಹೂ ಇಡ್ತೀಯೇನು?”

ರಫೀಕ್ ವ್ಯಾನಿನ ಕಡೆ ನೋಡಿದ. ಪರದೆಯ ಹಿಂದೆ ಮೈಕಿನ ಮುಂದೆ ಕೂತು ಊದುತ್ತಿದ್ದವಳು ಅವನ ಅಕ್ಕ ಶಬ್ನಮ್. ಅಪ್ಪ ಹಸನ್ ಸಾಬನಿಗೆ ದಮ್ಮು ಹತ್ತಿದ ಮೇಲೆ, ನಾಲ್ಕು ವರ್ಷದಿಂದ ಹರಪನಹಳ್ಳಿಯ ಅವರ ಬ್ಯಾಂಡಿಗೆ ಉಸಿರು ಅವಳದೇ. ಹೆಣ್ಣು ಊದುತ್ತಾಳೆಂದು ಗೊತ್ತಾದರೆ ಯಾರೂ ಮದುವೆಗೆ ಕರೆಯುವುದಿಲ್ಲವೆಂದು ಅಪ್ಪ ಮಗ ಸೇರಿ ಅವಳನ್ನು ಒಳಗೆ ಕೂರಿಸಿದ್ದರು. ಮುಂದೆ ರಫೀಕ್ ಬರೀ ಬೆರಳಾಡಿಸುತ್ತಿದ್ದ. ಅವನಿಗೆ ಊದಲು ಬರುತ್ತಿರಲಿಲ್ಲ; ನಾಚಿಕೆಯೂ ಇರಲಿಲ್ಲ.

ಆದರೆ ಶಬ್ನಮ್ ಒಂದು ಹಾಡನ್ನು ಎರಡು ಸಲ ಒಂದೇ ಥರ ಊದುವವಳಲ್ಲ. ಫೋನಿನಲ್ಲಿ ಜಾಝ್ ಕೇಳಿ ಕೇಳಿ, ಗೊತ್ತಿರುವ ಹಾಡನ್ನು ಊದುತ್ತಲೇ ಹೊಸದಾಗಿ ಕಟ್ಟುವುದನ್ನು ತಾನೇ ಕಲಿತಿದ್ದಳು. “ಅಪ್ಪ ಕಲಿಸಿದಂಗ ಊದಿ ಮುಗಿಸವಾ, ನನ್ನ ಮಾನ ಕಳೀಬ್ಯಾಡ” ಎಂದು ರಫೀಕ್ ಬೆಳಿಗ್ಗೆಯೂ ಬೇಡಿಕೊಂಡಿದ್ದ. “ಎಲ್ಲಿ ಮುಗೀತೈತಿ ಅಂತ ಊದೋತನಕ ನನಗೂ ಗೊತ್ತಿರಂಗಿಲ್ಲ” ಎಂದಿದ್ದಳು.

“ಬಾಯಿ ಬಿಡಲೇ. ರೆಕಾರ್ಡ್ ಹೌದೋ ಅಲ್ಲೋ?” ಕರಿಸಿದ್ದಪ್ಪ ಗದರಿದ.

“ಹೌದ್ರಿ ಯಜಮಾನ್ರ,” ರಫೀಕ್ ತಲೆ ತಗ್ಗಿಸಿದ. “ರೆಕಾರ್ಡ್ರಿ. ತಪ್ಪಾತು.”

ಸ್ಪೀಕರಿನಲ್ಲಿ ಹಾಡು ಅರ್ಧಕ್ಕೇ ತುಂಡಾಯಿತು. ವ್ಯಾನಿನ ಬಾಗಿಲು ಒಳಗಿನಿಂದ ದಡಾರನೆ ಸರಿಯಿತು. ಬೆವರಿನಲ್ಲಿ ತೊಯ್ದ ಹೆಂಗಸೊಬ್ಬಳು ಕೊರಳಿಗೆ ಸ್ಯಾಕ್ಸೋಫೋನು ನೇತುಹಾಕಿಕೊಂಡು ಕೆಳಗಿಳಿದಳು.

“ಯಾವ ರೆಕಾರ್ಡ್ರಿ? ಊದಿದಾಕಿ ನಾನು.”

“ನೀನಾ?” ಕರಿಸಿದ್ದಪ್ಪ ಅವಳನ್ನು ಮೇಲಿನಿಂದ ಕೆಳಗೆ ನೋಡಿದ.

ಶಬ್ನಮ್ ವಾದಕ್ಕೆ ನಿಲ್ಲಲಿಲ್ಲ. ಹಾಡು ತುಂಡಾದಲ್ಲಿಂದಲೇ ಎತ್ತಿಕೊಂಡು ಹಾಡಿದಳು. ಪದವಿಲ್ಲ, ಬರೀ ದನಿ. ಕೊರಳು ಮುಟ್ಟದಷ್ಟು ಮೇಲೆ ಹೋದಾಗ ಸ್ಯಾಕ್ಸೋಫೋನು ಬಾಯಿಗಿಟ್ಟಳು. ಮೈಕಿಲ್ಲದೆಯೂ ಅದು ಊರಬಾಗಿಲಿನ ಅಗಸಿಯವರೆಗೆ ಕೇಳಿಸಿತು. ಡ್ರಮ್ಮಿನವನು ಎತ್ತಿದ ಕೋಲನ್ನು ಇಳಿಸಲೇ ಇಲ್ಲ.

ಕರಿಸಿದ್ದಪ್ಪ ಕೊನೆಯವರೆಗೂ ಕೇಳಿದ. ಆಮೇಲೆ ರಫೀಕನ ಮೇಲೆ ಹರಿಹಾಯ್ದ. “ಇಂಥಾಕಿನ್ನ ಡಬ್ಬಿಯೊಳಗ ಮುಚ್ಚಿಟ್ಟು ನಿನ್ನ ಮಾರಿ ತೋರಸ್ತೀಯೇನಲೇ? ಹತ್ತು ಒಳಗ. ಬಾಗಲಾ ಹಾಕ್ಕೊ.” ಅವಳ ಕಡೆ ತಿರುಗಿದಾಗ ದನಿ ಇಳಿದಿತ್ತು. “ನೀ ಮುಂದ ನಡಿಯವ್ವ. ಎಲ್ಲಿ ಬೇಕೋ ಅಲ್ಲಿ ಮುಗಸು. ಮಂಟಪ ಏನು ಓಡಿ ಹೋಗಂಗಿಲ್ಲ.”

ಶಬ್ನಮ್ ಬ್ಯಾಂಡಿನ ಮುಂದೆ ಹೋಗಿ ನಿಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹಿಂತಿರುಗಿ ನೋಡಿದಳು. ತೆರೆದ ಜೀಪಿನಲ್ಲಿ ಮದುಮಗ ಕೂತಿದ್ದ. ಬೆವರಿಗೆ ಅವನ ಬಾಸಿಂಗ ಒಂದು ಕಣ್ಣಿನ ಮೇಲೆ ಜಾರಿತ್ತು. ಇನ್ನೂರು ಮದುವೆಗೆ ಊದಿದವಳು ಮದುಮಗನ ಮುಖ ನೋಡಿದ್ದು ಅದೇ ಮೊದಲು.