ಎತ್ತರದೂರಿನ ರಕ್ತ

"ಹಿಮೋಗ್ಲೋಬಿನ್ ಹನ್ನೆರಡೂವರೆ. ಸರಿಯಾಗೇ ಇದೆಯಲ್ಲಮ್ಮ," ಎಂದು ಡಾಕ್ಟರು ರಕ್ತಪರೀಕ್ಷೆಯ ವರದಿಯನ್ನು ಮೇಜಿನ ಮೇಲಿಟ್ಟಾಗ ಸೈರಾಗುಲ್‌ಳ ಎದೆ ಧಸಕ್ಕೆಂದಿತು. ವರದಿ ಸರಿಯಿದ್ದರೆ ಅವಳನ್ನು ಇಲ್ಲೇ ಓಶ್ ಪಟ್ಟಣದ ತವರಿನಲ್ಲಿ ಬಿಟ್ಟು ಹೋಗುತ್ತೇನೆಂದು ಅತ್ತೆ ದಾರಿಯುದ್ದಕ್ಕೂ ಹೇಳಿದ್ದಳು.

"ಕೇಳಿಸ್ಕೊಂಡ್ಯಾ?" ಪಕ್ಕದಲ್ಲಿದ್ದ ಅತ್ತೆ ಉಲ್ಕಾನ್ ಎದ್ದೇ ನಿಂತಳು. "ಒಂದು ಕೊಡ ನೀರು ತರೋಕೆ ಮೂರು ಕಡೆ ಕೂತ್ಕೋತಾಳೆ ಡಾಕ್ಟ್ರೇ. ಚಮರಿ ಹಾಲು ಕರೀತಾ ಅದರ ಹೊಟ್ಟೆಗೇ ತಲೆ ಆನಿಸಿ ನಿದ್ದೆ ಹೊಡೀತಾಳೆ. ರೋಗ ಅಲ್ಲ, ಮೈಗಳ್ಳತನ!" ಸೈರಾಗುಲ್ ಬಿಳಿಚಿದ ಉಗುರುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ತಾನು ನಿಜವಾಗಿಯೂ ಮೈಗಳ್ಳಿಯೇ ಇರಬಹುದೇ ಎಂದು ಅವಳಿಗೇ ಅನುಮಾನ ಹುಟ್ಟಿತು.

"ಚಮರಿನಾ? ನೀವಿರೋದು ಎಲ್ಲಿ?" ಎಂದರು ಡಾಕ್ಟರು.

"ಮುರ್ಗಾಬ್. ಪಾಮಿರ್ ಬೆಟ್ಟದ ಮೇಲೆ," ಎಂದಳು ಉಲ್ಕಾನ್.

ಡಾಕ್ಟರು ವರದಿಯನ್ನು ಮತ್ತೆ ಎಳೆದುಕೊಂಡರು. "ಮೊದಲೇ ಹೇಳ್ಬಾರ್ದಾ! ಈ ಲೆಕ್ಕ ಕೆಳಗಿನೂರಿನವರದ್ದು. ನಿಮ್ಮಲ್ಲಿ ಗಾಳಿ ತೆಳು, ರಕ್ತ ಇದಕ್ಕಿಂತ ಗಟ್ಟಿ ಇರ್ಬೇಕು. ಕೆಂಪು ಕಣಗಳೂ ಸಣ್ಣಗಿವೆ, ಕಬ್ಬಿಣದಂಶ ಕಮ್ಮಿ ಇರೋ ಹಾಗಿದೆ. ಈ ಹುಡುಗಿಗೆ ರಕ್ತಹೀನತೆ ಕಣಮ್ಮಾ. ಈ ಸ್ಥಿತೀಲಿ ನೀರು ಹೊತ್ತಿದ್ದೇ ಹೆಚ್ಚು."

ಕಾಯಿಲೆಯ ಸುದ್ದಿಗೆ ಇಷ್ಟು ಹಿಗ್ಗಿದವರನ್ನು ಆ ಡಾಕ್ಟರು ಕಂಡಿರಲಿಲ್ಲ. ಸೈರಾಗುಲ್‌ಳ ಕಣ್ಣು ತುಂಬಿ ಬಂತು. "ಇನ್ನೊಂದ್ಸಲ ಹೇಳಿ ಡಾಕ್ಟ್ರೇ," ಎಂದಳು, "ಸ್ವಲ್ಪ ಜೋರಾಗಿ. ನಮ್ಮತ್ತೆಗೆ ಕಿವಿ ಮಂದ."

"ನನ್ನ ಕಿವಿಗೇನಾಗಿದೆ!" ಎಂದು ಗದರಿದ ಉಲ್ಕಾನ್ ಮೆಲ್ಲನೆ ಕುರ್ಚಿಯಲ್ಲಿ ಕುಸಿದು ಕೂತಳು. ಆಮೇಲೆ ಡಾಕ್ಟರ ಕಡೆ ಬಾಗಿ ಕೇಳಿದಳು: "ಅವಳಿಗೆ ಏನು ತಿನ್ನಿಸ್ಬೇಕು, ಹೇಳಿ."